ಕಡಲಿಗಿಳಿಯುವ ಉಡುಪನ್ನು ಆರಿಸುವವರು ಯಾರು?

ಕಳೆದ ಜನವರಿಯಲ್ಲಿ ಐದು ದಿನಗಳ ಮಟ್ಟಿಗೆ ಅಂಡಮಾನ್ ದ್ವೀಪಗಳಿಗೆ ಹೋಗಿಬರುವುದೆಂದು ನಮ್ಮ ಮನೆಯಲ್ಲಿ ತೀರ್ಮಾನವಾಯಿತು. ವಿಮಾನದ ಟಿಕೆಟು, ವಸತಿ, ದ್ವೀಪದಿಂದ ದ್ವೀಪಕ್ಕೆ ಕರೆದೊಯ್ಯುವ ಹಡಗು ಇವೆಲ್ಲವೂ ಮಗನ ಮೊಬೈಲಿನಲ್ಲಿ ಒಂದೇ ಸಂಜೆ ಇತ್ಯರ್ಥವಾದವು. ಇತ್ಯರ್ಥವಾಗದೆ ವಾರಗಟ್ಟಲೆ ಉಳಿದ ವಿಷಯ ಒಂದೇ: ಸಮುದ್ರ ತೀರದಲ್ಲಿ ಯಾರು ಏನು ತೊಡಬೇಕು? ಮೂವತ್ತು ವರ್ಷಕ್ಕೂ ಮಿಕ್ಕಿ ಸರ್ಕಾರಿ ಕಡತಗಳನ್ನು ವಿಲೇವಾರಿ ಮಾಡಿದ ನನಗೆ ಇದೊಂದು ಕ್ಷುಲ್ಲಕ ಪ್ರಶ್ನೆಯಾಗಿ ಮೊದಲು ಕಂಡಿತು. ಈಗ ಹಾಗೆ ಅನ್ನಿಸುತ್ತಿಲ್ಲವಾದ್ದರಿಂದ ಈ ಲೇಖನ.

ಮಗನಿಗೆ ಪ್ರಶ್ನೆಯೇ ಇರಲಿಲ್ಲ. ಗಂಡಸರಿಗೆ ಸಾಮಾನ್ಯವಾಗಿ ಇರುವುದಿಲ್ಲ. ಮೊಣಕಾಲುದ್ದದ ಚಡ್ಡಿಯೊಂದಿದ್ದರೆ ಅರಬ್ಬೀ ಸಮುದ್ರವೂ ನಮ್ಮದೇ, ಬಂಗಾಳ ಕೊಲ್ಲಿಯೂ ನಮ್ಮದೇ. ಹನ್ನೊಂದು ವರ್ಷದ ಮೊಮ್ಮಗಳು ತನ್ನ ಈಜು ತರಗತಿಯ ಉಡುಪನ್ನು ಮೊದಲ ದಿನವೇ ಚೀಲಕ್ಕೆ ತುರುಕಿಕೊಂಡಳು. ಸೊಸೆ ಮಾತ್ರ ಎರಡು ದಿನ ಹಿಂದೆಮುಂದೆ ನೋಡಿ, ಒಂದು ಬೆಳಿಗ್ಗೆ ನಾನು ಪತ್ರಿಕೆ ಓದುತ್ತಿದ್ದಾಗ ಬಂದು ಕೇಳಿದಳು: ‘ಮಾವ, ನಾನು ಅಲ್ಲಿ ಈಜುಡುಗೆ ಹಾಕಿಕೊಂಡರೆ ನಿಮಗೇನೂ ಬೇಸರವಿಲ್ಲ ತಾನೆ?’ ನಾನು ಬಹಳ ಉದಾರಿಯಂತೆ, ‘ಅದಕ್ಕೇನಮ್ಮ, ಧಾರಾಳವಾಗಿ ಹಾಕಿಕೋ’ ಎಂದೆ. ಅವಳು ಒಳಗೆ ಹೋದ ಮೇಲೆ ನನ್ನ ಆ ಔದಾರ್ಯದ ಬಗ್ಗೆ ನನಗೇ ಸಂಕೋಚವಾಯಿತು. ವೈಟ್‌ಫೀಲ್ಡಿನ ಕಚೇರಿಯೊಂದರಲ್ಲಿ ನಲವತ್ತು ಜನರ ಕೆಲಸಕ್ಕೆ ಹೊಣೆಯಾಗಿರುವ ಹೆಣ್ಣುಮಗಳೊಬ್ಬಳು ನೀರಿಗಿಳಿಯುವ ಬಟ್ಟೆಗಾಗಿ ನನ್ನಂಥ ಮುದುಕನ ಅನುಮತಿಯನ್ನು ಏಕೆ ಪಡೆಯಬೇಕು? ಅವಳು ಕೇಳಿದ್ದು ಸೌಜನ್ಯ, ಸರಿ. ಆದರೆ ಅನುಮತಿ ಕೊಡುವ ಸ್ಥಾನದಲ್ಲಿ ನಾನು ಎಷ್ಟು ಸಲೀಸಾಗಿ ಕುಳಿತುಬಿಟ್ಟೆ ಎಂಬುದು ಸೌಜನ್ಯದ ಮಾತಲ್ಲ.

ನನ್ನ ಹೆಂಡತಿಯನ್ನು ಯಾರೂ ಏನೂ ಕೇಳಲಿಲ್ಲ. ಆಕೆ ತಾನಾಗಿಯೇ ನಾಲ್ಕು ಹತ್ತಿಯ ಸೀರೆಗಳನ್ನು ಮಡಿಸಿಟ್ಟುಕೊಂಡಿದ್ದಳು. ‘ನೀವೆಲ್ಲ ನೀರಿಗೆ ಹೋಗಿ, ಚಪ್ಪಲಿ, ಫೋನು ನಾನು ನೋಡಿಕೊಳ್ಳುತ್ತೇನೆ’ ಎಂದಳು. ಆ ಮಾತಿನಲ್ಲಿ ದೂರು ಇರಲಿಲ್ಲ. ಆದರೆ ಅದನ್ನು ಕೇಳಿದ ಮೇಲೆ ನಾನು ಹಳೆಯ ಫೋಟೊ ಆಲ್ಬಮ್ಮುಗಳನ್ನು ಹೊರತೆಗೆದೆ. 1993ರಲ್ಲಿ ನಾನು ಕಾರವಾರದಲ್ಲಿ ಸೇವೆಯಲ್ಲಿದ್ದಾಗ ತೆಗೆಸಿದ ಚಿತ್ರವೊಂದಿದೆ. ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ನಾನು ಸೊಂಟದವರೆಗಿನ ನೀರಿನಲ್ಲಿದ್ದೇನೆ. ದಡದಲ್ಲಿ, ಒದ್ದೆ ಮರಳು ಮುಗಿದು ಒಣ ಮರಳು ಶುರುವಾಗುವ ಜಾಗದಲ್ಲಿ, ನಿರಿಗೆಯನ್ನು ಒಂದು ಗೇಣು ಎತ್ತಿ ಹಿಡಿದು ಆಕೆ ನಿಂತಿದ್ದಾಳೆ. ಇನ್ನೊಂದು ಕೈಯಲ್ಲಿ ನನ್ನ ಚಪ್ಪಲಿ ಮತ್ತು ಗಡಿಯಾರ. ಮಲ್ಪೆ, ಗೋಕರ್ಣ, ಕನ್ಯಾಕುಮಾರಿ, ಪುರಿ ಹೀಗೆ ಹಲವು ಪ್ರವಾಸಗಳ ಚಿತ್ರಗಳನ್ನು ನೋಡಿದೆ. ಊರು ಬದಲಾಗಿತ್ತು, ಸೀರೆಯ ಬಣ್ಣ ಬದಲಾಗಿತ್ತು, ಆಕೆ ನಿಂತ ಜಾಗ ಬದಲಾಗಿರಲಿಲ್ಲ. ಕಾರವಾರದಲ್ಲಿ ಮೂರು ವರ್ಷ ಸಮುದ್ರದಿಂದ ಒಂದು ಕಿಲೋಮೀಟರಿನೊಳಗೆ ಬದುಕಿದ ಆಕೆ ಒಮ್ಮೆಯೂ ಮೊಣಕಾಲಿಗಿಂತ ಮೇಲೆ ಅದರಲ್ಲಿ ನೆನೆದಿರಲಿಲ್ಲ. ನಾನು ಒಮ್ಮೆಯೂ ಕೇಳಿರಲಿಲ್ಲ.

ತುಮಕೂರು ಕಡೆಯ ನಮ್ಮ ಹಳ್ಳಿಯಲ್ಲಿ ನಾನೂ ನನ್ನ ತಮ್ಮನೂ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತವರು. ಅಕ್ಕ ಅದೇ ಬಾವಿಯಿಂದ ನೀರು ಸೇದುತ್ತಿದ್ದಳು. ಅವಳಿಗೂ ಈಜು ಕಲಿಸಬೇಕೆಂದು ಯಾರಿಗೂ ತೋಚಲಿಲ್ಲ. ತೋಚಿದ್ದರೂ ಏನು ತೊಡಿಸಿ ಇಳಿಸುವುದು ಎಂಬಲ್ಲಿಗೆ ಮಾತು ನಿಲ್ಲುತ್ತಿತ್ತು. ವಸ್ತುವೊಂದು ಎದುರಿಗಿರುವುದು ಬೇರೆ, ಅದರಿಂದ ಒಬ್ಬ ವ್ಯಕ್ತಿ ನಿಜವಾಗಿ ಏನು ಮಾಡಬಲ್ಲಳು ಎಂಬುದು ಬೇರೆ ಎಂದು ಅಮರ್ತ್ಯ ಸೇನ್ ಅವರು ತಮ್ಮ ಅರ್ಥಶಾಸ್ತ್ರದಲ್ಲಿ ಪ್ರತಿಪಾದಿಸಿದ್ದಾರೆ. ಸೈಕಲ್ಲು ಇದ್ದರೆ ಸಾಲದು, ತುಳಿಯಲು ಆಗಬೇಕು ಎಂಬುದು ಅವರ ಪ್ರಸಿದ್ಧ ಉದಾಹರಣೆ. ಎಂ.ಎ. ತರಗತಿಯಲ್ಲಿ ಬೇಡಿಕೆ ಪೂರೈಕೆಯ ರೇಖೆಗಳನ್ನಷ್ಟೇ ಬಾಯಿಪಾಠ ಮಾಡಿದ್ದ ನಾನು ಸೇನ್ ಅವರನ್ನು ಓದಿದ್ದು ಬಹಳ ತಡವಾಗಿ. ಮನೆಯೊಳಗಿನ ಉದಾಹರಣೆ ಕಣ್ಣಿಗೆ ಬಿದ್ದದ್ದು ಇನ್ನೂ ತಡವಾಗಿ.

ಸೀರೆಯೇ ತಪ್ಪಿತಸ್ಥ ಎಂದು ಓದುಗರು ಭಾವಿಸಬಾರದು. ನಾವಿಂದು ಅನಾದಿಯದೆಂದು ನಂಬಿರುವ ಸೀರೆಯ ಶೈಲಿಗೂ ಒಂದು ಚರಿತ್ರೆಯಿದೆ, ಮತ್ತು ಆ ಚರಿತ್ರೆ ಅದೇ ಕಾರವಾರವನ್ನು ಸವರಿಕೊಂಡು ಹೋಗುತ್ತದೆ. ಐಸಿಎಸ್‌ ಪ್ರವೇಶಿಸಿದ ಮೊದಲ ಭಾರತೀಯ ಸತ್ಯೇಂದ್ರನಾಥ ಟ್ಯಾಗೋರ್ 1880ರ ದಶಕದ ಆರಂಭದಲ್ಲಿ ಅಲ್ಲಿ ನ್ಯಾಯಾಧೀಶರಾಗಿದ್ದರು. ಅವರ ತಮ್ಮ ರವೀಂದ್ರನಾಥರು ಅಲ್ಲಿಗೆ ಬಂದು ತಂಗಿದ್ದರ ನೆನಪಿಗಾಗಿಯೇ ಇಂದಿಗೂ ಕಾರವಾರದ ಕಡಲತೀರಕ್ಕೆ ಅವರ ಹೆಸರಿದೆ. ನಾವು ನೆನೆಯದಿರುವ ಹೆಸರು ಸತ್ಯೇಂದ್ರನಾಥರ ಪತ್ನಿ ಜ್ಞಾನದಾನಂದಿನಿ ದೇವಿಯವರದು. ಅಂತಃಪುರದಲ್ಲಿ ಉಡುತ್ತಿದ್ದ ಒಂಟಿ ಬಟ್ಟೆಯಲ್ಲಿ ಮನೆಯಾಚೆ ಕಾಲಿಡುವುದು ಸಾಧ್ಯವಿಲ್ಲವೆಂದು ಕಂಡ ಆಕೆ, ಮುಂಬಯಿಯಲ್ಲಿ ಪಾರ್ಸಿ ಮಹಿಳೆಯರನ್ನು ನೋಡಿ, ರವಿಕೆ ಮತ್ತು ಲಂಗದೊಂದಿಗೆ ಸೀರೆಯುಡುವ ಹೊಸ ಕ್ರಮವೊಂದನ್ನು ರೂಢಿಗೆ ತಂದರು. ಇಂದು ದೇಶದಾದ್ಯಂತ ಪ್ರಚಲಿತವಿರುವ ನಿರಿಗೆ ಸೀರೆಯ ಹಿಂದೆ ಅವರ ಪಾತ್ರ ದೊಡ್ಡದು. ಅಂದರೆ, ಹೆಣ್ಣೊಬ್ಬಳು ಹೊರಗೆ ಹೋಗಬೇಕು ಎಂಬ ಅಗತ್ಯ ಮೊದಲು ಬಂತು. ಉಡುಪು ಅದರ ಹಿಂದೆ ಬಂತು. ಕಡಲಿನ ವಿಷಯದಲ್ಲಿ ನಾವು ಈ ಕ್ರಮವನ್ನು ತಲೆಕೆಳಗು ಮಾಡಿಕೊಂಡಿದ್ದೇವೆ. ಉಡುಪನ್ನು ಮೊದಲು ನಿಗದಿ ಮಾಡಿ, ಅದರಲ್ಲಿ ಎಷ್ಟು ದೂರ ಹೋಗಬಹುದೋ ಅಷ್ಟೇ ನಿನ್ನ ಸಮುದ್ರ ಎನ್ನುತ್ತೇವೆ.

ಕರಾವಳಿಯಲ್ಲಿ ದುಡಿಯುವ ಹೆಣ್ಣುಮಕ್ಕಳು ಈ ತಪ್ಪನ್ನು ಎಂದೂ ಮಾಡಿಲ್ಲ. ಮೀನುಗಾರ ಸಮುದಾಯಗಳ ಹಿರಿಯ ಹೆಂಗಸರು ಸೀರೆಯನ್ನು ಎತ್ತಿ ಕಚ್ಚೆ ಹಾಕಿ ಕೆಲಸಕ್ಕೆ ನಿಲ್ಲುವುದನ್ನು ನಾನು ಕಂಡಿದ್ದೇನೆ. ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತು ಬಳಚು ಆರಿಸುವವರು ಸೊಂಟದ ಮಟ್ಟದ ನೀರಿನಲ್ಲಿ ಗಂಟೆಗಟ್ಟಲೆ ನಿಲ್ಲುತ್ತಾರೆ. ಹಾಲಕ್ಕಿ ಒಕ್ಕಲಿಗ ಸಮುದಾಯದ ತುಳಸಿ ಗೌಡ ಅವರು 2021ರಲ್ಲಿ ಪದ್ಮಶ್ರೀ ಸ್ವೀಕರಿಸಲು ರಾಷ್ಟ್ರಪತಿ ಭವನಕ್ಕೆ ಹೋದದ್ದು ಬರಿಗಾಲಿನಲ್ಲಿ, ಕೊರಳ ತುಂಬ ಮಣಿಸರ ಧರಿಸಿ, ತಮ್ಮವರು ಉಡುವ ರೀತಿಯಲ್ಲೇ ಸೀರೆಯುಟ್ಟು. ಮಳೆ, ಸೆಕೆ, ಗದ್ದೆ, ಕಾಡು ಇವುಗಳ ನಡುವಿನ ದುಡಿಮೆಗೆ ಹೊಂದಿ ಬಂದ ಉಡುಗೆ ಅದು. ಆ ಚಿತ್ರ ನೋಡಿ ಹೆಮ್ಮೆಪಟ್ಟ ನಾವು, ನಮ್ಮದೇ ಮನೆಯವರು ನೀರಿಗೆ ಹೊಂದುವ ಉಡುಪು ಕೇಳಿದರೆ ಸಂಸ್ಕೃತಿಯ ಮಾತು ತೆಗೆಯುತ್ತೇವೆ.

ಹತ್ತಿಯ ಬಟ್ಟೆ ನೀರಿನಲ್ಲಿ ಏನು ಮಾಡುತ್ತದೆ ಎಂಬುದನ್ನು ವಿವರಿಸಲು ವಿಜ್ಞಾನಿಯೇ ಬೇಕಿಲ್ಲ. ಬಟ್ಟೆ ಒಗೆದವರಿಗೆಲ್ಲ ಗೊತ್ತು. ಹತ್ತಿ ತನ್ನ ತೂಕಕ್ಕಿಂತ ಹೆಚ್ಚು ನೀರು ಹೀರುತ್ತದೆ. ನೈಲಾನ್ ಮತ್ತು ಪಾಲಿಯೆಸ್ಟರ್ ಹೀರುವುದು ಅತ್ಯಲ್ಪ. ಐದೂವರೆ ಮೀಟರಿನ ಸೀರೆ, ಕೆಳಗೊಂದು ಲಂಗ, ಇವು ನೀರೊಳಗೆ ಅರಳಿಕೊಂಡು ಅಲೆಯ ಸೆಳೆತಕ್ಕೆ ಹಾಯಿಯಂತೆ ಸಿಕ್ಕಿಬೀಳುತ್ತವೆ, ಹಿಂದಕ್ಕೆ ಸರಿಯುವಾಗ ಕಾಲಿಗೆ ಸುತ್ತಿಕೊಳ್ಳುತ್ತವೆ. ಚೂಡಿದಾರದ ದುಪಟ್ಟಾ ಕೊರಳಿಗೆ ಸುತ್ತಿಕೊಳ್ಳುತ್ತದೆ. ಗಂಡಸರ ಜೀನ್ಸ್ ಪ್ಯಾಂಟೂ ಕಡಿಮೆಯದಲ್ಲ. ಒದ್ದೆ ಜೀನ್ಸಿನಲ್ಲಿ ಓಡಿ ನೋಡಿದವರಿಗೆ ಅದರ ಭಾರ ತಿಳಿದಿರುತ್ತದೆ. ಇನ್ನು ಕೆಲವು ಬಗೆಯ ಜೀವರಕ್ಷಕ ಜಾಕೆಟ್ಟುಗಳ ಪಟ್ಟಿಯನ್ನು ಕಾಲುಗಳ ನಡುವಿನಿಂದ ತಂದು ಬಿಗಿಯಬೇಕಾಗುತ್ತದೆ. ಹಾಗೆ ಬಿಗಿಯದಿದ್ದರೆ ನೀರಿಗೆ ಬಿದ್ದಾಗ ಜಾಕೆಟ್ಟು ಮೇಲೇರಿ ಮುಖಕ್ಕೆ ಬರುತ್ತದೆ. ಸೀರೆಯುಟ್ಟವರಿಗೆ ಆ ಪಟ್ಟಿಯನ್ನು ಬಿಗಿಯುವುದು ಹೇಗೆ? ಬಿಗಿಯುವುದಿಲ್ಲ, ‘ನೀವು ಸುಮ್ಮನೆ ಹಿಡಿದುಕೊಂಡು ಕೂತಿರಿ ಅಮ್ಮ’ ಎನ್ನುತ್ತಾರೆ.

2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಿನಲ್ಲಿ ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡರು. ಶಾಲಾ ಪ್ರವಾಸಕ್ಕೆಂದು ಬಂದ ಮಕ್ಕಳು. ಅವರ ಸಾವಿಗೆ ಉಡುಪು ಕಾರಣವೆಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಲು ಆಧಾರವೂ ಇಲ್ಲ. ಆದರೆ ಆ ಸುದ್ದಿ ಓದಿದ ದಿನದಿಂದ ಒಂದು ಯೋಚನೆ ನನ್ನನ್ನು ಬಿಟ್ಟಿಲ್ಲ. ಬಯಲುಸೀಮೆಯ ನಮ್ಮ ಮಕ್ಕಳು ಸಮುದ್ರ ನೋಡುವುದು ವರ್ಷಕ್ಕೊಮ್ಮೆ, ಶಾಲೆಯ ಬಸ್ಸಿನಲ್ಲಿ. ಬಸ್ಸು ಹೊರಡುವ ಮುನ್ನ ಮನೆಗೆ ಬರುವ ಸೂಚನಾ ಪತ್ರದಲ್ಲಿ ಸ್ವೆಟರ್, ಹೊದಿಕೆ, ತಟ್ಟೆ ಲೋಟ, ಸಮವಸ್ತ್ರ ಎಲ್ಲದರ ಉಲ್ಲೇಖ ಇರುತ್ತದೆ. ನೀರಿಗಿಳಿಯುವುದಾದರೆ ಯಾವ ಬಟ್ಟೆ, ಇಳಿಯುವಂತಿಲ್ಲವಾದರೆ ಅದನ್ನು ತಡೆಯುವವರು ಯಾರು ಎಂಬ ಒಂದು ಸಾಲನ್ನು ಅಂಥ ಪತ್ರಗಳಲ್ಲಿ ನಾನು ಕಂಡಿಲ್ಲ. ಮಕ್ಕಳು ನೀರಿಗಿಳಿಯುವುದಿಲ್ಲ ಎಂದು ಹಿರಿಯರು ಭಾವಿಸಿಕೊಂಡಿರುತ್ತಾರೆ. ಕಡಲನ್ನು ಮೊದಲ ಬಾರಿ ಕಂಡ ಹದಿನೈದರ ಹುಡುಗಿ ಸುಮ್ಮನೆ ನಿಂತು ನೋಡುತ್ತಾಳೆಂದು ಭಾವಿಸುವುದು ಎಂಥ ಆಡಳಿತ?

ಸುರಕ್ಷತೆಯ ಈ ಮಾತನ್ನು ಯಾರೂ ಅಲ್ಲಗಳೆಯಲಾರರು. ಆದರೂ ನಮ್ಮ ಚರ್ಚೆ ಸದಾ ಬೇರೊಂದು ದಾರಿ ಹಿಡಿಯುತ್ತದೆ: ಎಷ್ಟು ಮುಚ್ಚಿದೆ, ಎಷ್ಟು ಬಿಟ್ಟಿದೆ? ಈ ಅಳತೆಪಟ್ಟಿ ಹಿಡಿದವರು ನಾವು ಮಾತ್ರವಲ್ಲ ಎಂಬುದನ್ನೂ ಹೇಳಬೇಕು. 1920ರ ದಶಕದಲ್ಲಿ ಅಮೆರಿಕದ ತೀರಗಳಲ್ಲಿ ಪೊಲೀಸರು ಮಹಿಳೆಯರ ಈಜುಡುಗೆ ಮೊಣಕಾಲಿನಿಂದ ಎಷ್ಟು ಅಂಗುಲ ಮೇಲಿದೆ ಎಂದು ಟೇಪು ಹಿಡಿದು ಅಳೆಯುತ್ತಿದ್ದರು, ಅದರ ಛಾಯಾಚಿತ್ರಗಳಿವೆ. 2016ರಲ್ಲಿ ಫ್ರಾನ್ಸಿನ ಕರಾವಳಿ ಪಟ್ಟಣಗಳು ಇದಕ್ಕೆ ತೀರ ವಿರುದ್ಧವಾದ ಕಾರಣಕ್ಕೆ, ಅಂದರೆ ಮೈ ಹೆಚ್ಚು ಮುಚ್ಚಿದೆ ಎಂಬ ಕಾರಣಕ್ಕೆ, ಬುರ್ಕಿನಿಯನ್ನು ನಿಷೇಧಿಸಿದವು. ಅಂಥ ಒಂದು ನಿಷೇಧವನ್ನು ಆ ದೇಶದ ಅತ್ಯುನ್ನತ ಆಡಳಿತಾತ್ಮಕ ನ್ಯಾಯಾಲಯ ಅದೇ ಆಗಸ್ಟ್‌ನಲ್ಲಿ ತಡೆಹಿಡಿಯಿತು. ನಮ್ಮ ನೆರೆಯ ಗೋವಾದಲ್ಲಿ 2014ರಲ್ಲಿ ಸಚಿವರೊಬ್ಬರು ಬಿಕಿನಿ ನಿಷೇಧದ ಮಾತಾಡಿ ವಿವಾದಕ್ಕೀಡಾದರು. ಒಂದೆಡೆ ಕಡಿಮೆಯಾಯಿತೆಂದು ದಂಡ, ಇನ್ನೊಂದೆಡೆ ಹೆಚ್ಚಾಯಿತೆಂದು ದಂಡ. ತೊಟ್ಟವಳಿಗೆ ನೀರಿನಲ್ಲಿ ಅದು ಅನುಕೂಲವೇ ಎಂದು ಟೇಪು ಹಿಡಿದವರು ಕೇಳಿದ ದಾಖಲೆ ಇಲ್ಲ.

ಗೋವಾದ ಬಗ್ಗೆ ಹೇಳುವಾಗ ಇನ್ನೊಂದನ್ನೂ ಹೇಳುವುದು ನ್ಯಾಯ. 2023ರ ಜನವರಿಯಲ್ಲಿ ಅಲ್ಲಿನ ಪ್ರವಾಸೋದ್ಯಮ ಇಲಾಖೆ ಒಂದು ಸಲಹಾ ಸೂಚನೆ ಹೊರಡಿಸಿ, ಬಿಸಿಲು ಕಾಯಿಸುತ್ತಿರುವ ಅಥವಾ ಈಜುತ್ತಿರುವ ಇತರ ಪ್ರವಾಸಿಗರ ಚಿತ್ರವನ್ನು ಅವರ ಅನುಮತಿಯಿಲ್ಲದೆ ತೆಗೆಯಬಾರದೆಂದು ತಿಳಿಸಿತು. ನನ್ನ ಮಟ್ಟಿಗೆ ಸಮಸ್ಯೆಯ ತುದಿಯನ್ನು ಸರಿಯಾಗಿ ಹಿಡಿದ ಸರ್ಕಾರಿ ಕಾಗದ ಅದು. ಉಡುಪಿನ ಬಗ್ಗೆ ಚಕಾರವೆತ್ತದೆ ನೋಡುವವನ ಕಡೆಗೆ ಬೆರಳು ತೋರಿಸಿತು. ನಮ್ಮ ಸೊಸೆಯ ಹಿಂಜರಿಕೆಯ ಮೂಲವೂ, ಆಮೇಲೆ ತಿಳಿದಂತೆ, ನಾನಾಗಿರಲಿಲ್ಲ. ಬೆಂಗಳೂರಿನಿಂದ ತಂಡತಂಡವಾಗಿ ಬರುವ ಯುವಕರ ಮೊಬೈಲುಗಳು ಅವಳ ಭಯವಾಗಿದ್ದವು.

ನೋಡುವವರ ವಿಚಾರದಲ್ಲಿ ಅಂಡಮಾನಿಗಿಂತ ಕಹಿಯಾದ ಪಾಠ ಬೇರೆಲ್ಲೂ ಸಿಗಲಾರದು. ಆ ದ್ವೀಪಗಳ ಮೂಲ ನಿವಾಸಿಗಳು ಸಾವಿರಾರು ವರ್ಷ ತಮ್ಮ ಹವೆಗೆ ತಕ್ಕಂತೆ ತೊಟ್ಟು, ತೊಡದೆ ಬದುಕಿದವರು. 1858ರಲ್ಲಿ ಬ್ರಿಟಿಷರು ಅಲ್ಲಿ ಕೈದಿಗಳ ವಸಾಹತು ಸ್ಥಾಪಿಸಿದಾಗ ಸಾವಿರಗಳ ಲೆಕ್ಕದಲ್ಲಿದ್ದ ಗ್ರೇಟ್ ಅಂಡಮಾನಿ ಜನ ಇಂದು ಕೆಲವೇ ಡಜನ್ ಉಳಿದಿದ್ದಾರೆ. ಹೊರಗಿನವರು ತಂದ ರೋಗಗಳಿಗೆ ಅವರು ಬಲಿಯಾದರು. ಉಳಿದಿರುವ ಜಾರವಾ ಜನರ ಮೀಸಲು ಅರಣ್ಯವನ್ನು ಸೀಳಿಕೊಂಡು ಅಂಡಮಾನ್ ಟ್ರಂಕ್ ರಸ್ತೆ ಹೋಗುತ್ತದೆ. ಆಹಾರದ ಆಸೆ ತೋರಿಸಿ ಜಾರವಾ ಮಹಿಳೆಯರನ್ನು ಪ್ರವಾಸಿಗರ ಮುಂದೆ ಕುಣಿಸಿದ ವಿಡಿಯೊ 2012ರ ಜನವರಿಯಲ್ಲಿ ಬಹಿರಂಗವಾಗಿ ದೇಶ ತಲೆತಗ್ಗಿಸಿತು. ಮರುವರ್ಷ ಸುಪ್ರೀಂ ಕೋರ್ಟ್ ಕೆಲವು ವಾರಗಳ ಮಟ್ಟಿಗೆ ಆ ರಸ್ತೆಯಲ್ಲಿ ಪ್ರವಾಸಿಗರ ಸಂಚಾರವನ್ನೇ ನಿಲ್ಲಿಸಿತ್ತು. ಮೈತುಂಬ ಬಟ್ಟೆ ತೊಟ್ಟ ಸಭ್ಯ ಕುಟುಂಬಗಳೇ ಕಿಟಕಿಯಿಂದ ಇಣುಕುತ್ತ ಹೋದದ್ದು. ಅಶ್ಲೀಲವಾಗಿದ್ದದ್ದು ಯಾವುದು, ರಸ್ತೆಯ ಬದಿ ನಿಂತವರ ಮೈಯೋ, ವಾಹನದೊಳಗಿನ ಕಣ್ಣೋ? ನಮ್ಮ ಪ್ರವಾಸದ ಪಟ್ಟಿಯಲ್ಲಿ ಆ ದಾರಿಯಾಗಿ ಹೋಗುವ ಬಾರಾಟಾಂಗ್ ಗುಹೆಗಳ ಹೆಸರಿತ್ತು. ನಾನು ಹಟ ಹಿಡಿದು ತೆಗೆಸಿದೆ. ಮಗ ಸ್ವಲ್ಪ ಬೇಸರಪಟ್ಟ.

ಬಿಕಿನಿ ಎಂಬ ಹೆಸರಿನ ಹಿಂದೆಯೂ ಹೀಗೊಂದು ದ್ವೀಪದ ಕಥೆಯಿರುವುದು ಅನೇಕರಿಗೆ ತಿಳಿಯದು. 1946ರಲ್ಲಿ ಅಮೆರಿಕ ತನ್ನ ಅಣುಬಾಂಬು ಪರೀಕ್ಷೆಗಾಗಿ ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಿಂದ ಅಲ್ಲಿನ 167 ನಿವಾಸಿಗಳನ್ನು ಎತ್ತಂಗಡಿ ಮಾಡಿತು. ಜುಲೈ 1ರಂದು ಮೊದಲ ಬಾಂಬು ಸಿಡಿಯಿತು. ಜುಲೈ 5ರಂದು ಪ್ಯಾರಿಸ್ಸಿನಲ್ಲಿ ಲೂಯಿ ರೆಯಾರ್ ಎಂಬಾತ ತನ್ನ ಎರಡು ತುಂಡಿನ ಈಜುಡುಗೆಯನ್ನು ಅದೇ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟ. ಆ ಉಡುಪನ್ನು ತೊಡುವವರ ಮೇಲೆ ನನಗೆ ಆಕ್ಷೇಪವಿಲ್ಲ. ಹೆಸರಿಟ್ಟವನ ಅಭಿರುಚಿಯ ಬಗ್ಗೆ ಇದೆ.

ಹಾಗಾದರೆ ಎಲ್ಲಿ ಬೇಕಾದರೂ ಏನು ಬೇಕಾದರೂ ತೊಡಬಹುದೇ ಎಂದು ಕೇಳಬಹುದು. ಇಲ್ಲ, ಆತಿಥೇಯರ ರೂಢಿಯೆಂಬುದೊಂದಿದೆ. ಬೆಂಗಳೂರಿನ ಹೊಸ ಮಧ್ಯಮ ವರ್ಗದ ಅಚ್ಚುಮೆಚ್ಚಿನ ಮಾಲ್ದೀವ್ಸನ್ನೇ ನೋಡಿ. ಜನವಸತಿಯಿಲ್ಲದ ರೆಸಾರ್ಟ್ ದ್ವೀಪಗಳಲ್ಲಿ ಅತಿಥಿಗಳು ಇಚ್ಛೆಯ ಈಜುಡುಗೆ ತೊಡುತ್ತಾರೆ. ಸ್ಥಳೀಯರು ವಾಸಿಸುವ ದ್ವೀಪಗಳಲ್ಲಿ ಭುಜ, ಮೊಣಕಾಲು ಮುಚ್ಚಿಕೊಂಡು ಓಡಾಡಬೇಕು. ಈಜುಡುಗೆಗೆಂದೇ ಫಲಕ ಹಾಕಿ ಗುರುತಿಸಿದ ಪ್ರತ್ಯೇಕ ತೀರವಿರುತ್ತದೆ. ಅಲ್ಲಿ ಶಾಲೆಯಿದೆ, ಮಸೀದಿಯಿದೆ, ಸಂಜೆ ಕಟ್ಟೆಯ ಮೇಲೆ ಕೂರುವ ಹಿರಿಯರಿದ್ದಾರೆ. ನಮ್ಮದೇ ಲಕ್ಷದ್ವೀಪದಲ್ಲಿಯೂ 2011ರ ಜನಗಣತಿಯ ಪ್ರಕಾರ ಶೇ 96ಕ್ಕೂ ಹೆಚ್ಚು ಮಂದಿ ಮುಸ್ಲಿಮರು. ಜನರಿರುವ ದ್ವೀಪಗಳಲ್ಲಿ ಅವರ ರೂಢಿಗೆ ತಲೆಬಾಗುವುದು ಅತಿಥಿಯ ಧರ್ಮ. ಗೋಕರ್ಣದ ರಥಬೀದಿಯಲ್ಲಿ ಒದ್ದೆ ಚಡ್ಡಿಯಲ್ಲಿ ಓಡಾಡುವವರನ್ನು ಕಂಡು ನಾವು ಸಿಡುಕುತ್ತೇವಲ್ಲ, ಅದೇ ನ್ಯಾಯ ಬೇರೆಯವರ ಬೀದಿಗೂ ಅನ್ವಯಿಸುತ್ತದೆ. ನೀರಿಗೆ ಒಂದು ಉಡುಪು, ಬೀದಿಗೆ ಇನ್ನೊಂದು. ನಡುವೆ ಸುತ್ತಿಕೊಳ್ಳಲು ಒಂದು ತೆಳು ಪಂಚೆ. ನಮ್ಮ ಪಂಚೆಗಿಂತ ಚೆನ್ನಾಗಿ ಈ ಕೆಲಸ ಮಾಡುವ ವಸ್ತ್ರವನ್ನು ಯಾವ ಕಂಪನಿಯೂ ಇನ್ನೂ ಹೊಲಿದಂತಿಲ್ಲ.

ಇಷ್ಟೆಲ್ಲ ಯೋಚಿಸಿದ ಮೇಲೆ ಹೆಂಡತಿಯನ್ನು ಕೇಳಿಯೇಬಿಟ್ಟೆ: ‘ನಿನಗೆ ನೀರಿಗಿಳಿಯುವ ಮನಸ್ಸಿದೆಯೇ?’ ಆಕೆ ಬಹಳ ಹೊತ್ತು ಉತ್ತರಿಸಲಿಲ್ಲ. ಆಮೇಲೆ, ‘ಈ ವಯಸ್ಸಿನಲ್ಲಿ ನೋಡಿದವರು ಏನೆಂದಾರು ರೀ?’ ಎಂದಳು. ಬೇಡ ಎನ್ನಲಿಲ್ಲ ಎಂಬುದನ್ನು ನಾನು ಗಮನಿಸಿದೆ.

ಮರುದಿನ ಸೊಸೆ ಅತ್ತೆಯನ್ನು ಇಲ್ಲೇ ವೈಟ್‌ಫೀಲ್ಡ್ ಕಡೆಯ ಕ್ರೀಡಾ ಸಾಮಗ್ರಿಯ ದೊಡ್ಡ ಮಳಿಗೆಗೆ ಕರೆದುಕೊಂಡು ಹೋದಳು. ನಾನು ತಳ್ಳುಗಾಡಿ ತಳ್ಳುವವನಾಗಿ ಹಿಂಬಾಲಿಸಿದೆ. ಅಲ್ಲಿ ಕಂಡದ್ದು ನನಗೆ ಹೊಸದು. ಈಜುಡುಗೆಯೆಂದರೆ ಎರಡೇ ಬಗೆ, ಒಂದು ಸಿನಿಮಾದ್ದು, ಇನ್ನೊಂದು ಒಲಿಂಪಿಕ್ಸಿನದು ಎಂದು ನಂಬಿದ್ದವನಿಗೆ ತುಂಬುತೋಳಿನ ಮೇಲಂಗಿ, ಪಾದದ ಗಂಟಿನವರೆಗೆ ಬರುವ ಬಿಗಿ ಕಾಲುಡುಗೆ, ತೊಡೆಯವರೆಗೆ ಇಳಿಬಿಡುವ ನಿಲುವಂಗಿ, ಎಲ್ಲವೂ ನೈಲಾನಿಗೆ ಹಿಗ್ಗುವ ಎಳೆ ಬೆರೆಸಿ ನೇಯ್ದವು, ಸಾಲಾಗಿ ತೂಗುಹಾಕಿದ್ದು ಕಂಡಿತು. ಮಳಿಗೆಯ ಹುಡುಗಿ ನನ್ನ ಹೆಂಡತಿಗೆ, ‘ತುಂಬಾ ಜನ ಆಂಟಿಯರು ಇದನ್ನೇ ತಗೊಳ್ತಾರೆ’ ಎಂದು ಧೈರ್ಯ ಹೇಳಿದಳು. ಕೊಳ್ಳುವಾಗ ನೋಡಬೇಕಾದ್ದು ಹೆಚ್ಚೇನಿಲ್ಲ. ತೋಳೆತ್ತಿದಾಗ, ಬಗ್ಗಿದಾಗ, ಕೂತೆದ್ದಾಗ ಎಳೆದು ಸರಿಪಡಿಸಿಕೊಳ್ಳುವ ಅಗತ್ಯ ಬೀಳಬಾರದು. ಒದ್ದೆಯಾದ ಮೇಲೆ ಬಟ್ಟೆ ಸ್ವಲ್ಪ ಸಡಿಲವಾಗುವುದರಿಂದ ಒಣಗಿದ್ದಾಗ ತುಸು ಬಿಗಿಯಾಗಿಯೇ ಇರಬೇಕು. ನೀರಿನಲ್ಲಿ ದೂರದಿಂದ ಕಾಣುವ ಕೆಂಪು, ಕಿತ್ತಳೆ, ಹಳದಿ ಬಣ್ಣಗಳು ಜೀವರಕ್ಷಕರ ದೃಷ್ಟಿಯಿಂದ ಒಳ್ಳೆಯವು. ಸಮುದ್ರದ ನೀಲಿ ಬಣ್ಣವೇ ಚೆಂದವೆಂದು ಅದನ್ನೇ ಕೊಳ್ಳುವುದು ಅವಿವೇಕ. ನನ್ನ ಹೆಂಡತಿ ಆರಿಸಿದ್ದು ಕಡುನೀಲಿ. ನಾನು ಸುಮ್ಮನಿದ್ದೆ, ಏಕೆಂದರೆ ಆರಿಸುವವರು ಯಾರು ಎಂಬುದೇ ಅಲ್ಲಿಯವರೆಗಿನ ನನ್ನ ಚಿಂತನೆಯ ಸಾರವಾಗಿತ್ತು. ಮೊಮ್ಮಗಳು ಒಂದು ಕಿತ್ತಳೆ ಟೋಪಿ ಸೇರಿಸಿ ಸಮಸ್ಯೆ ಬಗೆಹರಿಸಿದಳು.

ತುಂಬುತೋಳಿನ ಉಡುಪಿಗೆ ಇನ್ನೊಂದು ಸಮರ್ಥನೆಯಿದೆ, ಅದು ಸಂಕೋಚಕ್ಕೆ ಸಂಬಂಧಿಸಿದ್ದಲ್ಲ. ಸಮಭಾಜಕ ವೃತ್ತಕ್ಕೆ ಹತ್ತಿರದ ದ್ವೀಪಗಳ ಬಿಸಿಲು ಬೆನ್ನನ್ನು ಸುಡುತ್ತದೆ. ನೀರಿನ ಮೇಲೆ ಮುಖ ಮಾಡಿ ಹವಳ ನೋಡುತ್ತ ತೇಲುವವರಿಗೆ ಅದು ಗೊತ್ತೇ ಆಗುವುದಿಲ್ಲ. ಇದಕ್ಕೆಂದು ಬಳಿದುಕೊಳ್ಳುವ ಸನ್‌ಸ್ಕ್ರೀನ್ ಲೇಪಗಳಲ್ಲಿನ ಆಕ್ಸಿಬೆನ್‌ಜೋನ್‌ನಂಥ ರಾಸಾಯನಿಕಗಳು ಹವಳಕ್ಕೆ ಹಾನಿಕರವೆಂಬ ಆತಂಕದಿಂದ ಹವಾಯಿ 2018ರಲ್ಲಿ ಶಾಸನ ಮಾಡಿ 2021ರ ಜನವರಿಯಿಂದ ಅವುಗಳ ಮಾರಾಟ ನಿಲ್ಲಿಸಿತು. ಪಲಾವು ದೇಶ 2020ರಲ್ಲೇ ನಿಷೇಧ ತಂದಿತ್ತು. ಅಂಡಮಾನಿನ ಹವಳಗಳು 2010ರಲ್ಲಿ ಸಮುದ್ರದ ತಾಪ ಏರಿ ವ್ಯಾಪಕವಾಗಿ ಬಿಳಿಚಿಕೊಂಡು ಸತ್ತವು. ಮೊದಲೇ ನಲುಗಿರುವ ಜೀವಕ್ಕೆ ನಮ್ಮ ಮೈಯ ಲೇಪವನ್ನೂ ಉಣಿಸುವುದಕ್ಕಿಂತ ತೋಳು ಮುಚ್ಚುವ ಬಟ್ಟೆ ಲೇಸು. ಕಾಲಿಗೆ ತೆಳು ರಬ್ಬರಿನ ಬೂಟು ಇದ್ದರೆ ಚೂಪು ಹವಳದಿಂದ ಅಂಗಾಲೂ ಉಳಿಯುತ್ತದೆ. ಹಾಗೆಂದು ಬೂಟು ತೊಟ್ಟು ಹವಳದ ಮೇಲೆ ನಿಲ್ಲುವವರೂ ಇದ್ದಾರೆ, ಆ ಮಾತು ಬೇರೆ.

ಬೆಲೆಯ ವಿಚಾರ ಅರ್ಥಶಾಸ್ತ್ರದವನು ಬಿಡುವಂತಿಲ್ಲ. ಮೂರೂ ಹೆಂಗಸರ ನೀರಿನ ಉಡುಪಿಗೆ ನಮಗೆ ತಗುಲಿದ್ದು ಐದು ಸಾವಿರ ರೂಪಾಯಿಯ ಒಳಗೆ. ಅದೇ ಪ್ರವಾಸಕ್ಕೆಂದು ಫೋಟೊಗಾಗಿ ಕೊಂಡ ಹೂವಿನ ಚಿತ್ರದ ಅಂಗಿ, ಅಗಲ ಅಂಚಿನ ಹುಲ್ಲಿನ ಟೋಪಿ, ತಂಪು ಕನ್ನಡಕಗಳಿಗೆ ಅದರ ಎರಡರಷ್ಟು. ಇಂಥ ಖರ್ಚಿನ ಮೂಲ ಅಗತ್ಯವಲ್ಲ, ಪ್ರದರ್ಶನ ಎಂದು ಥಾರ್ಸ್ಟೀನ್ ವೆಬ್ಲೆನ್ 1899ರಲ್ಲೇ ಬರೆದಿದ್ದ. ಪೀಣ್ಯದ ಸಿದ್ಧ ಉಡುಪು ಕಾರ್ಖಾನೆಗಳ ಮುಂದೆ ಸಂಜೆ ಪಾಳಿ ಬಿಡುವಾಗ ನಿಂತು ನೋಡಿದವರಿಗೆ ಬೇರೊಂದು ಯೋಚನೆಯೂ ಬರುತ್ತದೆ. ದೇಶದೇಶಗಳ ರಜಾದಿನದ ಬಟ್ಟೆ ಹೊಲಿಯುವ ಆ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿ ಸಮುದ್ರ ಕಂಡಿದ್ದಾರೆ?

ಇನ್ನು ನಮ್ಮ ಮಹದೇವಪುರದ ನೀರಿನ ಕಥೆ. ಇಲ್ಲಿ ಕಡಲಿಲ್ಲ, ಆದರೆ 2022ರ ಸೆಪ್ಟೆಂಬರ್‌ನಲ್ಲಿ ಮಳೆಯ ನೀರು ವಲಯದ ಬಡಾವಣೆಗಳಿಗೆ ನುಗ್ಗಿದಾಗ ಟ್ರ್ಯಾಕ್ಟರು, ದೋಣಿಗಳಲ್ಲಿ ಜನರನ್ನು ಸಾಗಿಸಲಾಯಿತು. ಅಂದು ನೈಟಿಯನ್ನು ಮೊಣಕಾಲಿಗೆತ್ತಿ ಸೊಂಟದ ಮಟ್ಟದ ನೀರಿನಲ್ಲಿ ನಡೆದುಬಂದ ಗೃಹಿಣಿಯರ ಉಡುಪಿನ ಬಗ್ಗೆ ಯಾರೂ ಮಾತಾಡಲಿಲ್ಲ. ಪ್ರತಿಯೊಂದು ಅಪಾರ್ಟ್‌ಮೆಂಟಿನಲ್ಲೂ ಒಂದು ಈಜುಕೊಳವಿದೆ. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದು, ಕೊಳಗಳಿಗೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿದಾಗ ಅವು ಒಣಗಿದ್ದವು, ಈಗ ಮತ್ತೆ ತುಂಬಿವೆ. ಸಂಜೆ ಮಕ್ಕಳ ಗದ್ದಲ. ಸಿಡ್ನಿ ಒಲಿಂಪಿಕ್ಸಿನಲ್ಲಿ ಈಜಿದ ನಿಶಾ ಮಿಲೆಟ್ ಈ ಊರಿನವರು. 2024ರ ಪ್ಯಾರಿಸ್ ಒಲಿಂಪಿಕ್ಸಿಗೆ ಹದಿನಾಲ್ಕರ ಹರೆಯದಲ್ಲೇ ಹೋದ ಧಿನಿಧಿ ದೇಸಿಂಘು ಕೂಡ. ಇಂಥ ಊರಿನ ಕೊಳಗಳಲ್ಲಿ ಐವತ್ತು ದಾಟಿದ ಮಹಿಳೆಯೊಬ್ಬರನ್ನು ನಾನು ಕಂಡದ್ದು ಅಪರೂಪ. ಅವರು ಕೊಳದ ಸುತ್ತಲಿನ ಕುರ್ಚಿಗಳಲ್ಲಿ ಟವೆಲು ಹಿಡಿದು ಕುಳಿತಿರುತ್ತಾರೆ.

ಅಂಡಮಾನಿಗೆ ಬರುವುದಾದರೆ, ಸ್ವರಾಜ್ ದ್ವೀಪದ ರಾಧಾನಗರ ತೀರ ನಮ್ಮ ಕಾಸರಕೋಡು, ಪಡುಬಿದ್ರಿಗಳ ಜೊತೆಗೇ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದದ್ದು. ಬಟ್ಟೆ ಬದಲಿಸಲು ಕೋಣೆಯಿತ್ತು. ಈ ಒಂದು ಸೌಲಭ್ಯ ಮಹಿಳೆಯರನ್ನು ಎಷ್ಟರಮಟ್ಟಿಗೆ ನೀರಿಗೆ ತರುತ್ತದೆ ಎಂಬುದನ್ನು ಪ್ರವಾಸೋದ್ಯಮ ಇಲಾಖೆಯ ಕಡತಗಳನ್ನು ನೋಡುತ್ತಿದ್ದ ಕಾಲದಲ್ಲಿ ನಾನು ಅರಿತಿರಲಿಲ್ಲ. ಅಂದಾಜು ಪಟ್ಟಿಯಲ್ಲಿ ಹಣ ಕಡಿಮೆಯಾದರೆ ಮೊದಲು ಹೊಡೆದುಹಾಕುತ್ತಿದ್ದ ಸಾಲು ಅದೇ. ಹೊಡೆದುಹಾಕಿದ ಕೈಗಳಲ್ಲಿ ನನ್ನದೂ ಒಂದು. ನಮ್ಮ ಮುನ್ನೂರು ಕಿಲೋಮೀಟರಿಗೂ ಹೆಚ್ಚಿನ ಕರಾವಳಿಯ ಉದ್ದಕ್ಕೂ ಜನ ಸೇರುವ ಪ್ರತಿಯೊಂದು ತೀರದಲ್ಲಿ ಚಿಲಕ ಹಾಕಬಹುದಾದ ನಾಲ್ಕು ಕೋಣೆ, ಒಂದು ಸಿಹಿನೀರಿನ ನಲ್ಲಿ ಮತ್ತು ಸೀಟಿ ಹಿಡಿದ ಇಬ್ಬರು ಜೀವರಕ್ಷಕರು, ಅವರಲ್ಲೊಬ್ಬರು ಮಹಿಳೆ, ಇಷ್ಟು ಮಾಡಿದರೆ ಉಡುಪಿನ ಪ್ರಶ್ನೆ ಅರ್ಧ ಬಗೆಹರಿಯುತ್ತದೆ. ಇದಕ್ಕೆ ಬೇಕಾಗುವ ಹಣ ಒಂದು ಉತ್ಸವದ ವೇದಿಕೆಯ ಖರ್ಚಿಗಿಂತ ಕಡಿಮೆ ಎಂದು ಅನುಭವದಿಂದ ಹೇಳಬಲ್ಲೆ.

ಸೊಸೆ ತಾನು ಬಯಸಿದ ಈಜುಡುಗೆ ತೊಟ್ಟು ಮಗಳ ಜೊತೆ ದೂರ ಈಜಿದಳು. ನನ್ನ ಹೆಂಡತಿ ಮೊದಲ ದಿನ ಕೋಣೆಯಿಂದ ಹೊರಬರಲೇ ಇಪ್ಪತ್ತು ನಿಮಿಷ ತೆಗೆದುಕೊಂಡಳು. ಮೇಲೆ ಪಂಚೆ ಸುತ್ತಿಕೊಂಡೇ ಬಂದು ನೀರಿನ ಅಂಚಿನಲ್ಲಿ, ಹಳೆಯ ಫೋಟೊಗಳ ಆ ಜಾಗದಲ್ಲಿ, ಸ್ವಲ್ಪ ಹೊತ್ತು ನಿಂತಳು. ಪಂಚೆ ಬಿಚ್ಚಿ ನನ್ನ ಕೈಗೆ ಕೊಟ್ಟು ಮೊಮ್ಮಗಳ ಕೈ ಹಿಡಿದು ಹೋದಳು. ಎದೆಮಟ್ಟದ ನೀರಿನಲ್ಲಿ ಅಲೆಯೊಂದು ಎತ್ತಿ ಇಳಿಸಿದಾಗ ಆಕೆ ಕೂಗಿದ ಕೂಗು ನಲವತ್ತು ವರ್ಷದ ದಾಂಪತ್ಯದಲ್ಲಿ ನಾನು ಕೇಳಿರದ್ದು. ಸುತ್ತಲಿದ್ದ ನೂರಾರು ಜನರಲ್ಲಿ ಯಾರೂ ತಿರುಗಿ ನೋಡಲಿಲ್ಲ. ಎಲ್ಲರಿಗೂ ತಮ್ಮ ತಮ್ಮ ಅಲೆಯ ಚಿಂತೆ.

ಊರಿಗೆ ಮರಳಿದ ಮೇಲೆ ಆಕೆ ನಮ್ಮ ಅಪಾರ್ಟ್‌ಮೆಂಟಿನ ಕೊಳದಲ್ಲಿ ಈಜು ಕಲಿಯುವುದಾಗಿ ಹೇಳಿದಳು. ಕೊಳದ ಬದಿಯ ಫಲಕದಲ್ಲಿ ‘ಈಜುಡುಗೆ ಕಡ್ಡಾಯ’ ಎಂದಿದೆ. ತುಂಬುತೋಳಿನದು ಈಜುಡುಗೆಯೇ ಅಲ್ಲವೇ ಎಂಬ ಬಗ್ಗೆ ಕಾವಲುಗಾರನಿಗೂ ಸಂಘದ ಕಾರ್ಯದರ್ಶಿಗೂ ಭಿನ್ನಾಭಿಪ್ರಾಯವಿದೆ. ಹತ್ತಿಯ ಬಟ್ಟೆಯ ಎಳೆಗಳು ನೀರು ಶುದ್ಧಿ ಮಾಡುವ ಯಂತ್ರವನ್ನು ಕಟ್ಟಿಸುತ್ತವೆ ಎಂಬ ಕಾರಣಕ್ಕೆ ಮಾಡಿದ ನಿಯಮ ಅದು. ನೈಲಾನು ತೋಳಿನುದ್ದ ಇದ್ದರೂ ನೈಲಾನೇ. ಫಲಕಕ್ಕೆ ‘ಯಾವುದೇ ಉದ್ದದ ನೈಲಾನ್ ಅಥವಾ ಪಾಲಿಯೆಸ್ಟರ್ ಉಡುಪು’ ಎಂಬ ತಿದ್ದುಪಡಿ ತರಬೇಕೆಂದೂ, ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಕೊಳವನ್ನು ಕಲಿಯುವ ಮಹಿಳೆಯರಿಗೆ ಮೀಸಲಿಡಬೇಕೆಂದೂ ನಾನು ಅರ್ಜಿ ಬರೆದುಕೊಟ್ಟಿದ್ದೇನೆ. ಮುಂದಿನ ಭಾನುವಾರದ ಸಭೆಯ ಕಾರ್ಯಸೂಚಿಯಲ್ಲಿ ಅದು ಏಳನೆಯ ವಿಷಯ, ವಾಹನ ನಿಲುಗಡೆಯ ನಂತರ. ಅರ್ಜಿಗೆ ಹನ್ನೆರಡು ಮಂದಿ ಸಹಿ ಹಾಕಿದ್ದಾರೆ, ಅವರಲ್ಲಿ ಒಂಬತ್ತು ಮಂದಿ ಅಜ್ಜಿಯರು.